ಹಳೇ ಜೀಪನ್ನು ಪೂರ್ತಿ ಬಿಚ್ಚಬೇಡಿ: ಮನೆ ಅಂಗಳದಲ್ಲೇ ಸರಿಮಾಡುವ ಕ್ರಮ

ನಮ್ಮ ಮಲೆನಾಡಿನ ಕಡೆ ಬಂದರೆ ಇಂಥ ಜೀಪು ನಿಮಗೂ ಕಣ್ಣಿಗೆ ಬಿದ್ದೀತು. ಕೊಟ್ಟಿಗೆಯ ಹಿಂದೆ ಟಾರ್ಪಾಲಿನ ಅಡಿ ನಿಂತಿರುತ್ತದೆ. ಬಾನೆಟ್ ಒಂದು ಗೋಡೆಗೆ ಒರಗಿದೆ, ಇಂಜಿನ್ ಹಲಗೆಯ ಮೇಲಿದೆ, ನಟ್ಟು ಬೋಲ್ಟೆಲ್ಲ ಒಂದು ಎಣ್ಣೆ ಡಬ್ಬದಲ್ಲಿ ಸೇರಿಕೊಂಡಿವೆ. ಯಾರೋ ಬಹಳ ಆಸೆಯಿಂದ ಶುರುಮಾಡಿದ ಕೆಲಸ ಅದು. ಒಂದೇ ವಾರದಲ್ಲಿ ಎಲ್ಲ ಬಿಚ್ಚಿದರು, ಆಮೇಲೆ ಮಳೆಗಾಲ ಬಂತು, ಕೊಯ್ಲು ಬಂತು, ಮನೆಯಲ್ಲಿ ಮದುವೆ ಬಂತು, ಯಾವ ಬೋಲ್ಟ್ ಎಲ್ಲಿಯದು ಅನ್ನೋದು ಮರೆತುಹೋಯಿತು.

ಅಂಥ ಜೀಪು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ, ರಜೆ ದಿನ ಮಾತ್ರ ಕೆಲಸ ಮಾಡುವವರು ಗಾಡಿಯನ್ನು ಪೂರ್ತಿ ಬಿಚ್ಚಬಾರದು. ಒಂದು ಸಲಕ್ಕೆ ಒಂದೇ ಭಾಗ. ಬ್ರೇಕ್ ಬಿಚ್ಚಿದರೆ ಅದು ಮುಗಿದು ಗಾಡಿ ಮತ್ತೆ ನಾಲ್ಕು ಚಕ್ರದ ಮೇಲೆ ನಿಲ್ಲುವ ತನಕ ಬೇರೆ ಬೋಲ್ಟ್ ಮುಟ್ಟಬೇಡಿ. ನಾನು ಮೂರು ವರ್ಷದಲ್ಲಿ ಒಂದು ಜೀಪು ಮುಗಿಸಿದ್ದು ಹೀಗೇ. ಕೆಲಸದ ಮಧ್ಯದಲ್ಲೂ ಅದು ತೋಟಕ್ಕೆ ಹೋಗಿ ಬರುತ್ತಿತ್ತು.

ನನ್ನದು 1971ರ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಗಾಡಿ. ದೊಡ್ಡಪ್ಪನ ತೋಟದಲ್ಲಿ ಗೊಬ್ಬರ, ಅಡಿಕೆ, ದಿಬ್ಬಣದ ಜನ ಎಲ್ಲವನ್ನೂ ಹೊತ್ತಿದ್ದು. ಈ ಮಾಡೆಲ್ಲನ್ನು ವಿಲ್ಲಿಸ್ ಕಂಪನಿ ಅಮೆರಿಕದಲ್ಲಿ ತಂದದ್ದು 1953ರಲ್ಲಿ. ಹರಿಕೇನ್ ಅನ್ನೋ ಹೊಸ ಇಂಜಿನ್ ಎತ್ತರವಾಗಿತ್ತು, ಅದು ಕೂರಲಿ ಅಂತ ಬಾನೆಟ್ ಎತ್ತರಿಸಿದರು. ಹಾಗಾಗಿ ಇದು ಹೈ ಬಾನೆಟ್, ಅದಕ್ಕಿಂತ ಹಳೆಯವು ಲೋ ಬಾನೆಟ್. ಇಲ್ಲಿ ಬರೆದಿರುವ ಅಳತೆಗಳೆಲ್ಲ ಈ ಹರಿಕೇನ್ ಇಂಜಿನ್ನಿನವು. ನಾಲ್ಕು ಸಿಲಿಂಡರ್, ಸುಮಾರು 2.2 ಲೀಟರ್. ನಿಮ್ಮದಕ್ಕೆ ಡೀಸೆಲ್ ಇಂಜಿನ್ ಕೂರಿಸಿದ್ದರೆ ಇಂಜಿನ್ನಿನ ಭಾಗ ಬಿಟ್ಟು ಉಳಿದದ್ದು ಓದಿಕೊಳ್ಳಿ.

ಮೊದಲು ಕಾಗದ

ಸ್ಪ್ಯಾನರ್ ಹಿಡಿಯೋ ಮುಂಚೆ ಆರ್‌ಸಿ ಹಿಡಿಯಿರಿ. ಚಾಸಿಸ್ ನಂಬರ್ ಇರುವ ಜಾಗವನ್ನು ವೈರ್ ಬ್ರಷ್‌ನಿಂದ ಹಗುರವಾಗಿ ಉಜ್ಜಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಇಂಜಿನ್ ನಂಬರ್ ಕೂಡ ಹೀಗೇ. ಎರಡೂ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೊಂದಬೇಕು. ಹಳೇ ಜೀಪುಗಳ ಇಂಜಿನ್ ಬದಲಾಗಿರೋದು ಜಾಸ್ತಿ, ಅದು ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ. ಮಾಲೀಕರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಗಾಡಿ ಅವರ ಹೆಸರಲ್ಲೇ ಇರುವುದೂ ಉಂಟು. ವಾರಸುದಾರರೆಲ್ಲ ಸಹಿ ಹಾಕಿಕೊಡಲು ಒಪ್ಪಿದ ಮೇಲೆ ದುಡ್ಡು ಕೊಡಿ, ಅದಕ್ಕೂ ಮೊದಲು ಬೇಡ.

ಲಾರಿಯನ್ನೇ ರೆಸ್ಟೋರ್ ಮಾಡಬೇಕು ಅಂತ ಆಸೆಪಡುವವರಿಗೂ ಒಂದು ಮಾತು. ಹಳೇ ಟಾಟಾ ಮರ್ಸಿಡಿಸ್ ಲಾರಿಗಳೆಂದರೆ ನನಗೂ ಬಹಳ ಪ್ರೀತಿ. ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ 1954ರಿಂದ 1969ರ ತನಕ ಒಟ್ಟಿಗಿದ್ದಾಗ ಜಮ್‌ಶೆಡ್‌ಪುರದಿಂದ ಬಂದ ಗಾಡಿಗಳು ಅವು, ಆ ಗುಂಡು ಮೂತಿ ಈಗಲೂ ಚಂದ. ಆದರೆ ಮನೆಯಲ್ಲಿ ಅದರ ಗೇರ್‌ಬಾಕ್ಸ್ ಇಳಿಸೋದಕ್ಕೇ ಕ್ರೇನ್ ಬೇಕು. ಕಾನೂನಿನಲ್ಲೂ ತೊಡಕಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ತಂದ ನಿಯಮ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರಗಳಿಗೆ ಮತ್ತು ಕಾರು ಜೀಪಿನಂಥ ನಾಲ್ಕು ಚಕ್ರದ ಗಾಡಿಗಳಿಗೆ ಮಾತ್ರ. ಸರಕು ಲಾರಿ ಅದರಲ್ಲಿ ಬರುವುದಿಲ್ಲ.

ಜೀಪಿನವರೂ ಆ ವಿಂಟೇಜ್ ನೋಂದಣಿಗೆ ಹೋಗುವ ಮುಂಚೆ ಯೋಚಿಸಿ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನಲ್ಲಿ ವಿಎ ಅಂತ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ದಿನಾ ತೋಟಕ್ಕೆ ಓಡಿಸುವಂತಿಲ್ಲ. ನನಗೆ ಜೀಪು ಓಡಬೇಕು, ಹಾಗಾಗಿ ಐದೈದು ವರ್ಷಕ್ಕೆ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಂಡು ಇಟ್ಟುಕೊಂಡಿದ್ದೇನೆ.

ಜಾಗ, ಕಾಲ, ಸ್ಪ್ಯಾನರ್

ದೀಪಾವಳಿ ಕಳೆದ ಮೇಲೆ ಶುರುಮಾಡಿ. ಪೇಂಟು, ವೆಲ್ಡಿಂಗ್ ಏನಿದ್ದರೂ ಜನವರಿ ಫೆಬ್ರವರಿಯ ಒಣ ಹವೆಯಲ್ಲಿ. ಮಳೆಗಾಲಕ್ಕೆ ಕಾರ್ಬೊರೇಟರ್, ಡೈನಮೋ, ಸೆಲ್ಫ್ ಮೋಟಾರ್ ತರಹದ, ಜಗಲಿಯಲ್ಲಿ ಕೂತು ಮಾಡುವ ಕೆಲಸ ಇಟ್ಟುಕೊಳ್ಳಿ. ನೆಲ ಸಿಮೆಂಟಿನದಾದರೆ ಒಳ್ಳೆಯದು, ಮಣ್ಣಿನ ನೆಲದಲ್ಲಿ ಜಾಕ್ ನಿಧಾನಕ್ಕೆ ವಾಲುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸೋದು ನಮ್ಮ ಕಡೆ ರೂಢಿ, ಅದಂತೂ ಬೇಡವೇ ಬೇಡ. ಆ ಕಲ್ಲು ಗೋಡೆಗೆ ಸರಿ, ಒಂದು ಮೂಲೆಯ ಮೇಲೆ ಭಾರ ಬಿದ್ದರೆ ಸದ್ದಿಲ್ಲದೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ನಾಲ್ಕು ತನ್ನಿ. ಇಡೀ ಕೆಲಸದಲ್ಲಿ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೇ.

ಸ್ಪ್ಯಾನರ್ ಇಂಚಿನದ್ದೇ ಆಗಬೇಕು. 7/16, 1/2, 9/16, 3/4, ಇಷ್ಟಿದ್ದರೆ ಮುಕ್ಕಾಲು ಜೀಪು ಬಿಚ್ಚಬಹುದು. 13 ಎಂಎಂ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂತ ಹಾಗೆ ಕಾಣುತ್ತದೆ, ಆದರೆ ಜೋರು ಹಾಕಿದ ತಕ್ಷಣ ನಟ್ಟಿನ ಮೂಲೆ ಸವೆಯುತ್ತದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಮೊದಲು ಒಂದಿಷ್ಟೇ ಇಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬಿಗಿ ಮಾಡುವಾಗ ತುಕ್ಕಿನ ಹಿಡಿತ ಒಡೆಯುತ್ತದೆ.

ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಒಂದೊಂದು ಭಾಗಕ್ಕೆ ಒಂದೊಂದು ಡಬ್ಬ. ಸಾಧ್ಯವಾದರೆ ಬೋಲ್ಟನ್ನು ಅದರದೇ ತೂತಿಗೆ ಎರಡು ಸುತ್ತು ತಿರುಗಿಸಿ ಅಲ್ಲೇ ಬಿಡಿ. ಅದಕ್ಕಿಂತ ಒಳ್ಳೆಯ ಡಬ್ಬ ಇಲ್ಲ.

ಇಂಜಿನ್ ಅಲ್ಲ, ಬ್ರೇಕ್ ಮೊದಲು

ಎಲ್ಲರಿಗೂ ಮೊದಲು ಇಂಜಿನ್ ಶಬ್ದ ಕೇಳುವ ಆಸೆ. ನನಗೂ ಇತ್ತು. ನಮ್ಮೂರಿನ ವಯಸ್ಸಾದ ಮೇಸ್ತ್ರಿಯೊಬ್ಬರು ತಡೆದರು. "ಮೊದ್ಲು ನಿಲ್ಸೋದು ನೋಡು ಮಾರಾಯ, ಓಡ್ಸೋದು ಆಮೇಲೆ." ಇಳಿಜಾರಿನ ಅಂಗಳ ನಮ್ಮದು, ಅವರು ಹೇಳಿದ್ದು ಸರಿಯೇ ಅಲ್ವಾ?

ಚಕ್ರ ಬಿಚ್ಚುವಾಗ ಹುಷಾರು. ಈ ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ನಾನು ಪೈಪ್ ಸಿಕ್ಕಿಸಿ ತುಳಿದು ಎರಡು ಸ್ಟಡ್ ಮುರಿದೆ. ಯಾರಾದರೂ ಹಿಂದೆ ಸ್ಟಡ್ ಬದಲಿಸಿದ್ದರೆ ಎರಡೂ ಥರದವು ಬೆರೆತಿರಬಹುದು, ಒಂದೊಂದನ್ನೂ ನೋಡಿಕೊಂಡು ಬಿಚ್ಚಿ.

ಡ್ರಮ್ ತೆಗೆದ ಮೇಲೆ ಒಳಗಿನ ಧೂಳನ್ನು ಊದಬೇಡಿ. ಹಳೇ ಲೈನಿಂಗ್‌ನಲ್ಲಿ (ಡ್ರಮ್ಮಿಗೆ ಒತ್ತಿ ಹಿಡಿಯುವ ಪಟ್ಟಿ) ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಅದು ತುಂಬಾ ಕೆಟ್ಟದ್ದು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ವರ್ಷಗಟ್ಟಲೆ ನಿಂತ ಗಾಡಿಯಾದರೆ ಚಕ್ರದಲ್ಲಿ ಬ್ರೇಕ್ ಒತ್ತುವ ನಾಲ್ಕೂ ವೀಲ್ ಸಿಲಿಂಡರ್, ಪೆಡಲ್ ತುಳಿದಾಗ ಅವಕ್ಕೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲವನ್ನೂ ಹೊಸದೇ ಹಾಕಿ. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ, ಆಗ ಪೆಡಲ್ ಬಿಟ್ಟರೂ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಈ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಲೈನು. ಎಲ್ಲಾದರೂ ಒಂದು ಪೈಪ್ ತೂತಾದರೆ ಪೂರ್ತಿ ಬ್ರೇಕ್ ಹೋಯಿತು ಅಂತಲೇ ಅರ್ಥ. ಹಾಗಾಗಿ ಕಬ್ಬಿಣದ ಪೈಪಿನಲ್ಲಿ ತುಕ್ಕು ಕಂಡರೆ ಅದನ್ನೂ ಉಳಿಸಿಕೊಳ್ಳಬೇಡಿ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು, ಬಲಗಡೆ ಸ್ಟೀರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಪೆಡಲ್‌ಗೆ ಅರ್ಧ ಇಂಚಿನಷ್ಟು ಸಡಿಲ ಇರಲಿ. ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಇದೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಲೈನಿಂಗ್ ಎಣ್ಣೆಯಲ್ಲಿ ನೆನೆದು ಹ್ಯಾಂಡ್ ಬ್ರೇಕ್ ಹಿಡಿಯೋದೇ ಇಲ್ಲ. ಮೊದಲು ಸೀಲ್ ಬದಲಿಸಿ, ಆಮೇಲೆ ಲೈನಿಂಗ್.

ಈಗ ಇಂಜಿನ್

ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆತುರ ಬೇಡ. ಮೊದಲು ಹಳೇ ಆಯಿಲ್ ಇಳಿಸಿ. ಮೊದಲು ನೀರು ಬಂದರೆ, ಇಲ್ಲಾ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ, ಒಳಗೆ ನೀರು ಸೇರಿದೆ ಅಂತ ತಿಳಿಯಿರಿ. ಹೆಡ್ ಗ್ಯಾಸ್ಕೆಟ್ ನೋಡಲೇಬೇಕು. ಸರಿಯಿದ್ದರೆ ಹೊಸ ಆಯಿಲ್ ತುಂಬಿ, ಪ್ಲಗ್ ನಾಲ್ಕೂ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಡಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ, ಒಂದೇ ಕಡೆ ಇರಬೇಕು. ಸುತ್ತಿ ಹಿಡಿದರೆ, ಪ್ಲಗ್ ಹಾಕಿ ಸ್ಟಾರ್ಟ್ ಮಾಡುವ ದಿನ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತದೆ. ತಿರುಗದಿದ್ದರೆ ಬಲ ಹಾಕಬೇಡಿ. ಇನ್ನಷ್ಟು ಆಯಿಲ್, ಇನ್ನೊಂದು ವಾರ. ನನ್ನದು ಹನ್ನೊಂದನೇ ದಿನ ಬಿಟ್ಟಿತು. ಆ ಬೆಳಿಗ್ಗೆ ಹ್ಯಾಂಡಲ್ ಮೆಲ್ಲಗೆ ಜಾರಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕೂಡಿಸಿ ಬಿಡಿಸುವ ತುದಿಗಳು) ಗ್ಯಾಪ್ 0.020 ಇಂಚು, ಪ್ಲಗ್ ಗ್ಯಾಪ್ 0.030 ಇಂಚು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬರುವ ಕ್ರಮ, 1-3-4-2. ಪಾಯಿಂಟ್ ಮೇಲೆ ವರ್ಷಗಳ ಕಿಲುಬು ಇರುತ್ತದೆ, ತೆಳುವಾದ ಪಾಯಿಂಟ್ ಫೈಲ್ (ಸಣ್ಣ ಅರ) ಹಿಡಿದು ಹಗುರವಾಗಿ ಉಜ್ಜಿ. ಪ್ಲಗ್ಗಿನಲ್ಲಿ ಕಿಡಿ ಬಾರದೆ ಇದ್ದಾಗ ಹೊಸ ಕಾಯಿಲ್ ತರೋಕೆ ಓಡುವ ಮುಂಚೆ ಇದನ್ನು ಮಾಡಿ ನೋಡಿ, ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಟ್ಯಾಪೆಟ್, ಅಂದರೆ ವಾಲ್ವ್ ತಳ್ಳುವ ಕಡೆ ಬಿಡಬೇಕಾದ ಸಂದಿನ ವಿಷಯದಲ್ಲಿ ಈ ಇಂಜಿನ್ ಬೇರೆ ಥರ. ಒಳಗೆಳೆಯುವ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿವೆ, ಹೊಗೆ ಹೋಗುವ ವಾಲ್ವ್‌ಗಳು ಪಕ್ಕದಲ್ಲಿ ಬ್ಲಾಕಿನೊಳಗಿವೆ. ಮೇಲಿನದಕ್ಕೆ 0.018 ಇಂಚು, ಪಕ್ಕದ್ದಕ್ಕೆ 0.016, ಎರಡೂ ತಣ್ಣಗಿರುವಾಗ. ಪಕ್ಕದ ಮುಚ್ಚಳ ಬಿಚ್ಚೋದು ಕಷ್ಟ, ಕೈ ಹೋಗುವುದಿಲ್ಲ, ಹಾಗಾಗಿ ಮೇಲಿನ ನಾಲ್ಕನ್ನು ಮಾತ್ರ ನೋಡಿ ಬಿಟ್ಟುಬಿಡುವವರಿದ್ದಾರೆ. ಆದರೆ ಬಿಸಿಗೆ ಸುಟ್ಟುಹೋಗುವುದು ಆ ಪಕ್ಕದ ವಾಲ್ವ್‌ಗಳೇ. ಒಂದು ಭಾನುವಾರ ಪೂರ್ತಿ ಅದಕ್ಕೇ ಕೊಡಿ.

ಮೊದಲ ಸ್ಟಾರ್ಟಿಗೆ ಜೀಪಿನ ಟ್ಯಾಂಕ್ ಬಳಸಬೇಡಿ, ಅದರ ತುಕ್ಕೆಲ್ಲ ಕಾರ್ಬೊರೇಟರಿಗೆ ಬರುತ್ತದೆ. ನಾನು ಹಳೇ ಮೊಪೆಡ್ಡಿನ ಪುಟ್ಟ ಟ್ಯಾಂಕನ್ನು ಅದರ ಕಾಕ್ ಸಮೇತ ತಂದು, ಇಂಜಿನ್ನಿನಿಂದ ದೂರಕ್ಕೆ, ಕಾರ್ಬೊರೇಟರಿಗಿಂತ ಎತ್ತರದಲ್ಲಿ ಕಟ್ಟಿ ಹೊಸ ಹೋಸ್ ಕೊಟ್ಟೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ, ಜೊತೆಗೆ ಇನ್ನೊಬ್ಬರು ಇರಲಿ. ಇಂಜಿನ್ ಹಿಡಿದ ತಕ್ಷಣ ಆಯಿಲ್ ಪ್ರೆಶರ್ ಮುಳ್ಳು ನೋಡಿ. ಕೆಲವು ಸೆಕೆಂಡಿನಲ್ಲಿ ಅದು ಮೇಲೇಳದಿದ್ದರೆ ಆಫ್ ಮಾಡಿ, ಎಷ್ಟೇ ಚೆನ್ನಾಗಿ ಓಡುತ್ತಿರಲಿ.

ಹೊಗೆ ಬರುತ್ತದೆ, ಎಳೆಯುವುದಿಲ್ಲ ಅಂತಾದರೆ ಕಂಪ್ರೆಶನ್ ಗೇಜ್ ಹಾಕಿ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯ ಲಕ್ಷಣ. ಒಂದು ಕಮ್ಮಿ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಈ ಪರೀಕ್ಷೆ ಮಾಡದೆ ಬೋರಿಂಗ್‌ಗೆ (ಸಿಲಿಂಡರ್ ಕೊರೆಸೋದಕ್ಕೆ) ಕೊಡಬೇಡಿ. ಮೊದಲು ಒಂದು ವರ್ಕ್‌ಶಾಪಿನವರು ನನ್ನ ಗಾಡಿಗೆ ಫುಲ್ ಇಂಜಿನ್ ಕೆಲಸ ಆಗಲೇಬೇಕು ಅಂದಿದ್ದರು. ನೋಡಿದರೆ ಎರಡು ವಾಲ್ವ್ ಗ್ರೈಂಡಿಂಗ್‌ಗೇ ಮುಗಿಯಿತು.

ಪೆಟ್ರೋಲ್ ಲೈನು, ವೈರು

ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನಿಂತ ಟ್ಯಾಂಕಿನಲ್ಲಿ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹೋಸ್‌ಗಳು, ಫ್ಯುಯೆಲ್ ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ಕಿಟ್ ಎಲ್ಲ ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ. ಟ್ಯಾಂಕ್ ಸೀಟಿನ ಅಡಿಗೇ ಇರೋದು, ಸಣ್ಣ ಸೋರಿಕೆಯನ್ನೂ ಎಂಸೀಲ್ ಮೆತ್ತಿ ಸುಮ್ನೆ ಬಿಡಬೇಡಿ. ಖಾಲಿ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಲೇಬೇಡಿ. ಪೆಟ್ರೋಲ್ ಇಲ್ಲದಿದ್ದರೂ ಅದರ ಆವಿ ಇರುತ್ತದೆ, ಸಿಡಿಯುತ್ತದೆ. ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿ.

ವೈರಿಂಗ್‌ನಲ್ಲಿ ನಾನು ಕಂಡ ತೊಂದರೆ ಹೆಚ್ಚಿನದು ಅರ್ಥಿಂಗ್‌ನದೇ, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯದು. ಇಂಜಿನ್ನಿನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಬಾಡಿಗೆ ದಪ್ಪ ತಾಮ್ರದ ಪಟ್ಟಿ ಕೊಡಿ, ಕೂರುವ ಜಾಗದ ಪೇಂಟ್ ಕೆರೆದು ಕಬ್ಬಿಣ ಹೊಳೆಯೋ ಹಾಗೆ ಮಾಡಿ. ಹಳೇ ವೈರಿನ ಬಟ್ಟೆ ಹೊದಿಕೆ ಉದುರುತ್ತಿದ್ದರೆ ಹೊಸ ಹಾರ್ನೆಸ್ ಹಾಕಿ. ಹಳೇ ಕಾಲದ ಲೆಕ್ಕಕ್ಕಿಂತ ನಾಲ್ಕು ಫ್ಯೂಸ್ ಜಾಸ್ತಿಯೇ ಇರಲಿ. ಇಲ್ಲಿ ನಾನು ಹಳೆಯದೇ ಬೇಕು ಅಂತ ಹಠ ಹಿಡಿಯುವುದಿಲ್ಲ.

ಸ್ಟೀರಿಂಗ್

ವೇಗ ನಲವತ್ತು ದಾಟಿದರೆ ಮುಂದಿನ ಚಕ್ರ ನಡುಗುತ್ತದಾ? ಮೊದಲು ಟೈರಿನ ಗಾಳಿ, ಬ್ಯಾಲೆನ್ಸ್ ನೋಡಿ. ಆಮೇಲೆ ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ನೀವು ಕೆಳಗೆ ಕೂತು ನೋಡಿ. ಮುಂದಿನ ಚಕ್ರ ತಿರುಗಿಸುವ ಟೈ ರಾಡ್‌ಗಳ ಮಧ್ಯೆ, ಸ್ಟೀರಿಂಗಿನ ಎಳೆತವನ್ನು ಅವಕ್ಕೆ ದಾಟಿಸುವ, ಚಾಸಿಸ್‌ಗೆ ಕೂತ ಬೆಲ್ ಕ್ರ್ಯಾಂಕ್ ಇದೆ, ಅದರ ಪಿನ್ ಸವೆದಿದ್ದರೆ ಸ್ಟೀರಿಂಗ್ ಅರ್ಧ ಸುತ್ತು ಸುಮ್ಮನೆ ತಿರುಗುತ್ತದೆ. ಆಮೇಲೆ ನೋಡಬೇಕಾದ್ದು ಕಿಂಗ್ ಪಿನ್ ಬೇರಿಂಗ್, ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಅದರ ಮೇಲೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ, ಸಣ್ಣ ಸಡಿಲಕ್ಕೆ ಶಿಮ್ (ಸಂದಿಗೆ ಇಡುವ ತೆಳು ತಗಡು) ಒಂದು ತೆಗೆದರೆ ಸಾಕು. ಇದ್ಯಾವುದನ್ನೂ ನೋಡದೆ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿದರೆ ಬಾಕ್ಸೇ ಹಾಳಾಗುತ್ತದೆ.

ತುಕ್ಕು, ತಗಡು, ಬಣ್ಣ

ಬಿಡಿ ಭಾಗಗಳ ತುಕ್ಕಿಗೆ ನನಗೆ ಬಹಳ ಇಷ್ಟವಾದ ಉಪಾಯ ಕಾಕಂಬಿ. ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ, ದನದ ಮೇವಿಗೆ ಬೆರೆಸೋಕೆ ಮಾರುತ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಮುಳುಗಿಸಿಡಿ. ಒಂದೆರಡು ವಾರದಲ್ಲಿ ತುಕ್ಕು ಕರಗಿ ಬೂದು ಬಣ್ಣದ ಕಬ್ಬಿಣ ಉಳಿಯುತ್ತದೆ. ಒಳ್ಳೆಯ ಕಬ್ಬಿಣಕ್ಕೆ ಆ್ಯಸಿಡ್ ಮಾಡುವಷ್ಟು ಹಾನಿ ಇದು ಮಾಡುವುದಿಲ್ಲ. ಅಲ್ಯೂಮಿನಿಯಂ ಭಾಗ ಮಾತ್ರ ಹಾಕಬೇಡಿ, ತಿಂದುಹಾಕುತ್ತದೆ. ಹುಳಿ ವಾಸನೆ ಬರುತ್ತದೆ, ಡ್ರಮ್ ಮನೆಯಿಂದ ದೂರ ಇಡಿ. ತೆಗೆದ ಕೂಡಲೇ ತೊಳೆದು ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪಗಾಗಿರುತ್ತದೆ.

ಫ್ಲೋರನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ತಿಂದಿದೆ. ಕೊಳೆತಷ್ಟು ಜಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ಹೊಸ ತಗಡು ಸೇರಿಸಿ, ಮೇಲೆ ಮೇಲೆ ತಗಡು ಹೊದಿಸಿದರೆ ಮಧ್ಯೆ ನೀರು ನಿಂತು ಎರಡೂ ಹೋಗುತ್ತವೆ. ಪಂಜಾಬ್ ಹರಿಯಾಣ ಗಡಿಯ ಮಂಡಿ ಡಬ್ವಾಲಿಯಿಂದ ಹೊಸ ಬಾಡಿಯನ್ನೇ ತರಿಸುವವರೂ ಇದ್ದಾರೆ. ಉಳಿಯಲು ಏನೂ ಇಲ್ಲದ ಗಾಡಿಗೆ ಅದು ಸರಿ. ಆದರೆ ಅರ್ಧಕ್ಕಿಂತ ಜಾಸ್ತಿ ತಗಡು ಚೆನ್ನಾಗಿದ್ದರೆ ನಿಮ್ಮ ಜೀಪಿನ ತಗಡನ್ನೇ ಉಳಿಸಿ ಅಂತ ಬೇಡಿಕೊಳ್ಳುತ್ತೇನೆ, ಹೊಸ ಬಾಡಿ ಬಂದ ದಿನವೇ ಅದು ಬೇರೆ ಗಾಡಿ.

ಚಾಸಿಸ್ಸೇ ಬಿರುಕು ಬಿಟ್ಟಿದ್ದರೆ ನಾನು ಮೊದಲು ಹೇಳಿದ ಮಾತು ನಡೆಯುವುದಿಲ್ಲ, ಆಗ ಬಾಡಿ ಎತ್ತಲೇಬೇಕು. ಸ್ಪ್ರಿಂಗ್ ಕೂರುವ ಬ್ರಾಕೆಟ್ಟುಗಳ ಸುತ್ತ ಮಣ್ಣು ತೊಳೆದು, ಟಾರ್ಚ್ ಹಿಡಿದು ನೋಡಿ. ಇದನ್ನು ಕೊಳ್ಳುವ ಮುಂಚೆ ನೋಡಿದರೆ ಇನ್ನೂ ಒಳ್ಳೆಯದು.

ಬಣ್ಣಕ್ಕೆ ಮನೆಯಲ್ಲಿ ಸಿಂಥೆಟಿಕ್ ಎನಾಮಲ್ ಸಾಕು. ಎರಡು ಡಬ್ಬ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟಿನ ಮಂಜು ಬಟ್ಟೆಯ ಮಾಸ್ಕಿಗೆ ನಿಲ್ಲುವುದಿಲ್ಲ, ಉಸಿರಿಗೆ ಅಪಾಯ, ಅದನ್ನು ಪೇಂಟ್ ಬೂತ್ ಇರುವವರಿಗೇ ಬಿಡಿ. ಮೂಲ ಬಣ್ಣ ಯಾವುದು ಅಂತ ತಿಳಿಯಲು ಡ್ಯಾಶ್‌ಬೋರ್ಡಿನ ಹಿಂಭಾಗ ಅಥವಾ ಮೀಟರಿನ ಅಡಿ ನೋಡಿ, ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ. ನನ್ನದರಲ್ಲಿ ಮೂರು ಪದರದ ಕೆಳಗೆ ಮಾಸಿದ ಹಸಿರು ಸಿಕ್ಕಿತು. ಅದೇ ಹೊಡೆದಿದ್ದೇನೆ.

ಹಿಂದಿನ ಡಾಲಾದಲ್ಲಿ (ಕೆಳಗಿಳಿಸುವ ಹಿಂಬಾಗಿಲು) ಒಂದು ತಗ್ಗಿದೆ, ದೊಡ್ಡಪ್ಪ ಅಡಿಕೆ ಮೂಟೆ ಏರಿಸುವಾಗ ಬಿದ್ದದ್ದು. ಟಿಂಕರಿಂಗ್‌ನವನು ಅದನ್ನೂ ಎತ್ತಿಬಿಡ್ತೀನಿ ಅಂದ, ಬೇಡ ಅಂದೆ.

ರಸ್ತೆಗಿಳಿಸಿದ ಮೇಲೆ ಮೊದಲ 100 ಕಿಲೋಮೀಟರಿಗೆ ಚಕ್ರದ ನಟ್ಟು, ಸ್ಪ್ರಿಂಗಿನ ಯು ಬೋಲ್ಟ್, ಬ್ರೇಕ್ ಆಯಿಲ್ ಮತ್ತೊಮ್ಮೆ ನೋಡಿ. 500ಕ್ಕೆ ಇಂಜಿನ್ ಆಯಿಲ್ ಬದಲಿಸಿ, ಇಳಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಲೋಹದ ಚೂರು ಇದೆಯಾ ನೋಡಿ. ಆಮೇಲೆ ವಾರಕ್ಕೊಮ್ಮೆಯಾದರೂ ಹತ್ತು ಕಿಲೋಮೀಟರ್ ಓಡಿಸಿ, ಮಳೆಗಾಲದಲ್ಲೂ.